ಊದುಬತ್ತಿಯ ಪರಿಮಳ ವಿಸರಣೆಗೆ ತಕ್ಕ ಉದಾಹರಣೆಯಲ್ಲ

ಮಾನ್ಯ ಸಂಪಾದಕರೇ,

ಕೋಣೆಯ ಒಂದು ಮೂಲೆಯಲ್ಲಿ ಹಚ್ಚಿಟ್ಟ ಊದುಬತ್ತಿಯ ಪರಿಮಳ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಮೂಲೆಯನ್ನು ಮುಟ್ಟುವುದನ್ನು ಅನಿಲಗಳ ವಿಸರಣೆಗೆ, ಅಂದರೆ ಅಣುಗಳು ತಮ್ಮದೇ ಚಲನೆಯಿಂದ ತಾವಾಗಿ ಹರಡಿಕೊಳ್ಳುವುದಕ್ಕೆ, ಉದಾಹರಣೆಯಾಗಿ ಕೊಡುವುದು ಶಾಲಾ ಪಾಠಗಳಲ್ಲಿಯೂ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿಯೂ ವಾಡಿಕೆಯಾಗಿದೆ. ಆದರೆ ಆ ಪರಿಮಳವನ್ನು ಹೊತ್ತೊಯ್ಯುವುದು ಬಹುಮಟ್ಟಿಗೆ ಬಿಸಿಯಾಗಿ ಮೇಲೇರುವ ಗಾಳಿ, ಫ್ಯಾನು, ಕಿಟಕಿಯಿಂದ ಬರುವ ಸೆಳೆತ ಮತ್ತು ಜನರ ಓಡಾಟವೇ ಹೊರತು ವಿಸರಣೆಯಲ್ಲ.

ಗಾಳಿಯ ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಚಲಿಸುತ್ತವೆ, ನಿಜ. ಆದರೆ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ನೆರೆಯ ಅಣುಗಳಿಗೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುವುದರಿಂದ ಅದು ನಿಜವಾಗಿ ಮುಂದೆ ಸಾಗುವುದು ಬಹಳ ಕಡಿಮೆ. ದೂರ ಹತ್ತು ಪಟ್ಟಾದರೆ ಬೇಕಾಗುವ ಕಾಲ ನೂರು ಪಟ್ಟಾಗುತ್ತದೆ. ನಿಶ್ಚಲವಾದ ಗಾಳಿಯಲ್ಲಿ ಒಂದು ಸೆಂಟಿಮೀಟರ್ ದಾಟಲು ಕೆಲವು ಸೆಕೆಂಡು ಸಾಕು. ಒಂದು ಮೀಟರ್ ದಾಟಲು ಅರ್ಧ ದಿನಕ್ಕೂ ಹೆಚ್ಚು ಬೇಕು.

ದ್ರವಗಳಲ್ಲಿ ಅಣುಗಳು ಒತ್ತೊತ್ತಾಗಿರುವುದರಿಂದ ವಿಸರಣೆ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಅಲುಗಾಡದ ನೀರಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಬಣ್ಣ ವಿಸರಣೆಯೊಂದರಿಂದಲೇ ಹತ್ತು ಸೆಂಟಿಮೀಟರ್ ಹರಡಲು ತಿಂಗಳಿಗೂ ಹೆಚ್ಚು ಬೇಕಾಗುತ್ತದೆ. ತರಗತಿಯ ಬೀಕರಿನಲ್ಲಿ ನಿಮಿಷಗಳಲ್ಲೇ ನೀರೆಲ್ಲ ನೇರಳೆಯಾದರೆ ಅದು ನೀರಿನ ಒಳಹರಿವುಗಳ ಕೆಲಸ. ಈ ಭೇದ ನಮ್ಮ ದೇಹಕ್ಕೂ ಸಂಬಂಧಿಸಿದ್ದು. ಶ್ವಾಸಕೋಶದ ಗಾಳಿಚೀಲಕ್ಕೂ ರಕ್ತನಾಳಕ್ಕೂ ನಡುವಿನ ಪೊರೆ ಅತ್ಯಂತ ತೆಳುವಾದ್ದರಿಂದ ಆಮ್ಲಜನಕ ಕ್ಷಣಾರ್ಧದಲ್ಲಿ ಅದನ್ನು ದಾಟುತ್ತದೆ. ಅಲ್ಲಿಂದ ಪಾದದವರೆಗೂ ಅದು ವಿಸರಣೆಯನ್ನೇ ನಂಬಿ ಸಾಗಬೇಕಿದ್ದರೆ ವರ್ಷಗಳೇ ಹಿಡಿಯುತ್ತಿದ್ದವು. ಹೃದಯ ಬೇಕಾಗಿರುವುದು ಇದಕ್ಕೇ ಎಂದು ತಿಳಿದ ಮಗುವಿಗೆ ಭೌತಶಾಸ್ತ್ರವೂ ಜೀವಶಾಸ್ತ್ರವೂ ಒಟ್ಟಿಗೇ ಅರ್ಥವಾಗುತ್ತವೆ.

ಘನವಸ್ತುಗಳ ವಿಸರಣೆಯನ್ನಂತೂ ನಾವು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಸೀಸ ಕರಗದ ಉಷ್ಣತೆಯಲ್ಲೂ ಅದರೊಳಗೆ ಚಿನ್ನ ಹರಡುತ್ತದೆಂಬುದನ್ನು ಬ್ರಿಟನ್ನಿನ ಲೋಹವಿಜ್ಞಾನಿ ರಾಬರ್ಟ್ಸ್-ಆಸ್ಟನ್ 1896ರಲ್ಲಿಯೇ ಅಳೆದು ತೋರಿಸಿದ್ದರು. 1947ರಲ್ಲಿ ಸ್ಮಿಗೆಲ್‌ಸ್ಕಸ್ ಮತ್ತು ಕರ್ಕೆಂಡಾಲ್ ಎಂಬ ಸಂಶೋಧಕರು ಹಿತ್ತಾಳೆಗೂ (ತಾಮ್ರ ಮತ್ತು ಸತುವಿನ ಮಿಶ್ರಲೋಹ) ತಾಮ್ರಕ್ಕೂ ನಡುವೆ ಮಾಲಿಬ್ಡಿನಂ ತಂತಿಗಳನ್ನಿಟ್ಟು ಕಾಯಿಸಿದಾಗ ಆ ತಂತಿಗಳೇ ಸರಿದವು. ಹಿತ್ತಾಳೆಯಿಂದ ಸತುವಿನ ಪರಮಾಣುಗಳು ಹೊರಬರುವ ವೇಗ ತಾಮ್ರದವು ಒಳಹೋಗುವ ವೇಗಕ್ಕಿಂತ ಹೆಚ್ಚೆಂಬುದು ಅದರಿಂದ ತಿಳಿಯಿತು; ಇಂಥ ಲೋಹಗಳಲ್ಲಿ ಪರಮಾಣುಗಳು ಜಾಲಕದ (ಪರಮಾಣುಗಳ ಕ್ರಮಬದ್ಧ ಜೋಡಣೆಯ) ಖಾಲಿ ಸ್ಥಾನಗಳಿಗೆ ಜಿಗಿಯುತ್ತಾ ಸಾಗುತ್ತವೆಂಬ ವಿವರಣೆಗೂ ಬಲ ಬಂತು. ಉಕ್ಕಿನ ಗಿಯರುಗಳ ಮೇಲ್ಮೈ ಗಟ್ಟಿಯಾಗಲು 900 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕುಲುಮೆಯಲ್ಲಿ ಇಂಗಾಲವನ್ನು ಒಳಹೊಗಿಸುವಾಗಲೂ ಒಂದು ಮಿಲಿಮೀಟರ್ ಆಳಕ್ಕೆ ಗಂಟೆಗಟ್ಟಲೆ ಕಾಯಬೇಕು.

ತಮ್ಮ ವಿದ್ಯಾರ್ಥಿ ಪುಟದಲ್ಲಿ ಈ ಅಳತೆಗಳಿಗೆ ಜಾಗ ಕೊಡಬೇಕೆಂದು ವಿನಂತಿ. ಶಿಕ್ಷಕರಿಗೂ ಒಂದು ಸಲಹೆಯಿದೆ. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಲ್ಲಿ ಸಿಗುವ ಅಗರ್ ಅನ್ನು ಕುದಿಸಿ, ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ನಡುವೆ ಚಿಕ್ಕ ಗುಳಿ ತೋಡಿ ಬಣ್ಣದ ದ್ರಾವಣವನ್ನು ತುಂಬಬೇಕು. ಹೆಪ್ಪಿನೊಳಗೆ ಹರಿವಿಗೆ ಅವಕಾಶವಿಲ್ಲದ ಕಾರಣ ಅಲ್ಲಿ ನಡೆಯುವುದು ವಿಸರಣೆ ಮಾತ್ರ. ಬಣ್ಣದ ಅಂಚನ್ನು ಮಕ್ಕಳು ದಿನವೂ ಸ್ಕೇಲಿನಿಂದ ಅಳೆದು ಬರೆದಿಟ್ಟರೆ, ಮೊದಲ ದಿನ ಸಾಗಿದ ದೂರದ ಎರಡರಷ್ಟನ್ನು ಮುಟ್ಟಲು ಅದಕ್ಕೆ ಸುಮಾರು ನಾಲ್ಕು ದಿನ ಹಿಡಿಯುವುದನ್ನು ಅವರೇ ಕಾಣುತ್ತಾರೆ.

ಇಂತಿ,
ವಿಜ್ಞಾನ ಶಿಕ್ಷಕಿ, ತುಮಕೂರು