ಎರೆಮಣ್ಣಿನ ಅಂಗಳಗಳಿಗೆ ಇನ್ನು ತೇಪೆ ಹಾಕುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ.

ಬರುವ ದೀಪಾವಳಿಯ ನಂತರ ಹುಬ್ಬಳ್ಳಿ, ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣಿನ ಅಂಗಳಗಳಲ್ಲಿ ಕೃತಕ ಹುಲ್ಲಿಗೆ ಬರೀ ತೇಪೆ ಹಾಕುವ ಕೆಲಸವನ್ನು ನಾವು ಒಪ್ಪಿಕೊಳ್ಳುವುದಿಲ್ಲ. ಹಾಸಿನ ತುಂಡುಗಳ ಜೋಡಣೆ ಬಿಟ್ಟಿದ್ದರೆ, ಹುಲ್ಲಿನ ಎಳೆಗಳು ಮಲಗಿದ್ದರೆ, ನೀರು ನಿಲ್ಲುತ್ತಿದ್ದರೆ ಹಾಸನ್ನು ಪೂರ್ತಿ ಎತ್ತಿ, ಅದರಡಿಯ ತಳವನ್ನು ಹೊಸದಾಗಿ ಕಟ್ಟಿ, ಅದೇ ಹುಲ್ಲನ್ನು ಮತ್ತೆ ಹಾಸಿಕೊಡುತ್ತೇವೆ. ದರ ಚದರ ಅಡಿಗೆ 65 ರೂಪಾಯಿ. ಒಂದು ಭೇಟಿಗೆ 800 ರೂಪಾಯಿ ಕೊಟ್ಟು ರೂಢಿಯಾದವರಿಗೆ ಇದು ದೊಡ್ಡ ಮೊತ್ತ. ಪತ್ರ ಬರೆಯುವ ಮೊದಲೇ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಕಳೆದ ವಾರವೆಲ್ಲ ಫೋನಿನಲ್ಲಿ ಬೈಸಿಕೊಂಡದ್ದೂ ಆಯಿತು.

ಹೆಚ್ಚಿನವರ ದೂರು ಒಂದೇ. ‘ಬೆಂಗಳೂರಿನಲ್ಲಿ ನಮ್ಮ ಬೀಗರ ಮನೆಯ ಹುಲ್ಲು ಆರು ವರ್ಷದಿಂದ ಹಾಗೆಯೇ ಇದೆ. ನೀವು ಹಾಕಿದ್ದು ಮೂರೇ ವರ್ಷಕ್ಕೆ ಏಕೆ ಕೆಟ್ಟಿತು? ಅಗ್ಗದ ಮಾಲು ಕೊಟ್ಟಿರಾ?’ ವಿಚಾರಿಸಿ ನೋಡಿದರೆ, ಹೀಗೆ ಕೇಳಿದವರಲ್ಲಿ ನಾಲ್ವರ ಬೀಗರ ಹುಲ್ಲು ಇರುವುದು ತಾರಸಿಯ ಮೇಲೆ! ಕಾಂಕ್ರೀಟು ಬೇಸಿಗೆಯಲ್ಲಿ ಬಾಯಿ ಬಿಡುವುದಿಲ್ಲ, ಮಳೆಗಾಲದಲ್ಲಿ ಉಬ್ಬುವುದಿಲ್ಲ. ನೆಲದ ಮೇಲೆ ಹಾಸಿಸಿಕೊಂಡ ಉಳಿದವರದು ಅಲ್ಲಿನ ಕೆಂಪು ಮಣ್ಣು, ಅದೂ ಎರೆಯಷ್ಟು ಹಿಗ್ಗಿ ಕುಗ್ಗುವುದಿಲ್ಲ. ನಮ್ಮ ಎರೆಯ ಗುಣ ನಿಮಗೆ ಹೊಸದಲ್ಲ. ಏಪ್ರಿಲ್‌ನಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುತ್ತದೆ, ಜುಲೈನಲ್ಲಿ ಅದೇ ಹೊಲ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದು ತನ್ನ ಪದರಗಳ ನಡುವೆಯೇ ನೀರು ಎಳೆದುಕೊಂಡು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಅದರೊಂದಿಗೆ ಹುಲ್ಲಿನ ಹಾಸು ಹಿಗ್ಗಿ ಕುಗ್ಗಬಲ್ಲದೇ? ಎಳೆತವೆಲ್ಲ ಜೋಡಣೆಯ ಮೇಲೆ ಬೀಳುತ್ತದೆ, ಅಂಚಿನ ಮೊಳೆಗಳು ಸಡಿಲಾಗುತ್ತವೆ. ತಗ್ಗು ಬಿದ್ದಲ್ಲಿ ನೀರು ನಿಂತು, ನುಣ್ಣನೆಯ ಮಣ್ಣು ಹಾಸಿನ ತೂತುಗಳಿಂದ ಮೇಲೇರಿ, ಎಳೆಗಳ ನಡುವೆ ತುಂಬಿದ ಮರಳಿನೊಂದಿಗೆ ಬೆರೆತು ಕಟಕ ರೊಟ್ಟಿಯಂತೆ ಗಟ್ಟಿಯಾಗುತ್ತದೆ. ಆಮೇಲೆ ಎಳೆಗಳಿಗೆ ಆಸರೆಯಿಲ್ಲ, ನಡೆದಾಡುವ ಕಡೆಯೆಲ್ಲ ಮಲಗುತ್ತವೆ. ನೀವು ಅದನ್ನು ಸವೆತ ಎನ್ನುತ್ತೀರಿ. ನಾವು ಕಳೆದ ಚಳಿಗಾಲದಲ್ಲಿ ಎತ್ತಿದ ಹಾಸುಗಳಲ್ಲಿ ಬಹುಪಾಲು, ತೊಳೆದು ಬಾಚಿದ ಮೇಲೆ ಮತ್ತೆ ಹಾಸುವಂತೆಯೇ ಇದ್ದವು. ಮಾಲಿನ ಮೇಲೆ ಆರೋಪ ಹೊರಿಸಬೇಡಿ.

ಹಾಗಾದರೆ ಮೊದಲೇ ತಳವನ್ನು ಸರಿಯಾಗಿ ಏಕೆ ಕಟ್ಟಲಿಲ್ಲ? ಕೇಳುವ ಹಕ್ಕು ನಿಮಗಿದೆ. ತಾರಸಿ ಬಿಟ್ಟು ಅಂಗಳಕ್ಕಿಳಿದ ಹೊಸತರಲ್ಲಿ ಮಣ್ಣು ಸಮ ಮಾಡಿ, ಎರಡು ಇಂಚು ಕ್ರಷರಿನ ಕಲ್ಲುಪುಡಿ ಹರವಿ ಹಾಸಿಬಿಟ್ಟೆವು. ನಮಗೆ ಕಲಿಸಿದವರು ಕಲಿಸಿದ್ದೇ ಅಷ್ಟು. ಎರಡು ಮಳೆಗಾಲ ಕಂಡ ಮೇಲೂ ತೇಪೆ ಹಾಕುತ್ತ, ಹಣ ತೆಗೆದುಕೊಳ್ಳುತ್ತ ಹೋದೆವಲ್ಲ, ಅದು ನಮ್ಮ ತಪ್ಪು. ಕ್ಷಮಿಸಿ. ಆದರೆ ನಾಲ್ಕು ಇಂಚು ಖಡಿಯ (ಜಲ್ಲಿಕಲ್ಲಿನ) ತಳಕ್ಕೆ ಅಂದಾಜು ಬರೆದುಕೊಟ್ಟಾಗ ‘ಖಡಿಗೆಲ್ಲ ದುಡ್ಡಿಲ್ಲ, ಹುಲ್ಲು ಹಾಸಿ ಹೋಗಿ’ ಎಂದವರೂ ನಮ್ಮ ವಹಿಯಲ್ಲಿದ್ದಾರೆ. ಹೆಸರು ಹೇಳುವುದಿಲ್ಲ. ಇಂದಿಗೂ ಚಹಾ ಕುಡಿಸದೆ ಕಳಿಸುವವರಲ್ಲ ಅವರು.

ಈಗ ಆ 65 ರೂಪಾಯಿ. ಇನ್ನೂರು ಚದರ ಅಡಿಯ ಅಂಗಳವನ್ನು ನಾಲ್ಕು ಇಂಚು ಅಗೆದರೆ ಸುಮಾರು 67 ಘನ ಅಡಿ ಮಣ್ಣು, ಹಸಿಯಿದ್ದರೆ ಮೂರು ಟನ್ನಿಗೂ ಮೇಲೆ. ಆ ಮಣ್ಣು ಯಾರಿಗೂ ಬೇಡ. ಮನೆ ಕಟ್ಟುವವರು ಭರ್ತಿಗೆ ಗರಸು ಮಣ್ಣು ಕೇಳುತ್ತಾರೆ, ಎರೆಯನ್ನು ಮುಟ್ಟುವುದಿಲ್ಲ. ಗರಸನ್ನು ಹಣ ಕೊಟ್ಟು ತರುತ್ತೇವೆ, ಎರೆಯನ್ನು ಹಣ ಕೊಟ್ಟು ಕಳಿಸುತ್ತೇವೆ. ಟಿಪ್ಪರ್ ಬಾರದ ಓಣಿಗಳಲ್ಲಿ, ಪಡಸಾಲೆಯ ಗ್ರಾನೈಟಿಗೆ ಗೆರೆ ಬೀಳದಂತೆ ಗೋಣಿಚೀಲ ಹಾಸಿ, ಬುಟ್ಟಿಯಲ್ಲಿ ಹೊರುತ್ತೇವೆ. ಅಗೆದ ನೆಲದ ಮೇಲೆ, ನೀರು ಬಿಟ್ಟು ಮಣ್ಣು ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ ಬೇಕೇ ಬೇಕು. ಅದಿಲ್ಲದಿದ್ದರೆ ಮಳೆ ಹಿಡಿದಾಗ ಖಡಿ ಕೆಸರಿನೊಳಗೆ ಇಳಿದುಹೋಗುತ್ತದೆ. ಆಮೇಲೆ ಖಡಿ, ಪುಡಿ, ನೀರು ಹೊಡೆದು ಯಂತ್ರದಿಂದ ಕುಟ್ಟುವುದು, ಇಳಿಜಾರು, ಜೋಡಣೆಗೆ ಹೊಸ ಪಟ್ಟಿ, ಅಂಟು. ‘ಪ್ಲಾಸ್ಟಿಕ್ ಹುಲ್ಲಿಗೆ ಇಷ್ಟೊಂದೇ?’ ಎಂದು ಬರೆದವರು ಒಮ್ಮೆ ನಮ್ಮ ಹುಡುಗರ ಜೊತೆ ಆ ಬುಟ್ಟಿ ಹಿಡಿದು ನೋಡಲಿ. ಇರಲಿ, ಸಿಟ್ಟಿನಲ್ಲಿ ಬರೆಯಬಾರದು.

ಸಣ್ಣ ಗಾಯಗಳಿಗೆ ತೇಪೆ ನಿಂತಿಲ್ಲ. ಪಟಾಕಿಯ ಕಿಡಿ ಬಿದ್ದದ್ದು, ಕಿಟಕಿಯ ಗಾಜಿನಿಂದ ತಿರುಗಿ ಬಿದ್ದ ಬಿಸಿಲಿಗೆ ಕರಗಿದ್ದು, ನಾಯಿ ಕಿತ್ತದ್ದು, ಇವಕ್ಕೆ ಮೊದಲಿನ 800 ರೂಪಾಯಿಯೇ. ಹೊಸ ತುಂಡು ಬಿಸಿಲಿಗೆ ಮಾಸಿದ ಹುಲ್ಲಿನ ನಡುವೆ ಎದ್ದು ಕಾಣುತ್ತದೆ. ಅದಕ್ಕೇ ನಾವು ನೀರಿನ ಟ್ಯಾಂಕಿನ ಹಿಂದಿನ ಮೂಲೆಯಿಂದ ಹಳೆಯ ತುಂಡನ್ನೇ ಕತ್ತರಿಸಿ, ಎಳೆಗಳ ವಾಲು ಹೊಂದಿಸಿ ಸುಟ್ಟ ಜಾಗಕ್ಕೆ ಹಾಕುತ್ತೇವೆ, ಹೊಸದನ್ನು ಆ ಮೂಲೆಗೆ ಕಳಿಸುತ್ತೇವೆ. ಎಲ್ಲಿ ಹಾಕಿದ್ದೇವೆ ಎಂದು ಮನೆಯವರೇ ಹುಡುಕಿ ಸೋತದ್ದಿದೆ. ಕಲಘಟಗಿ ಕಡೆಯ ಕೆಂಪು ಮಣ್ಣಿನವರಿಗೂ ಈ ಬದಲಾವಣೆ ಇಲ್ಲ.

ತಳದ ಕೆಲಸ ನವೆಂಬರಿನಿಂದ ಫೆಬ್ರುವರಿಯವರೆಗೆ ಮಾತ್ರ. ಮಳೆಯಲ್ಲಿ ಅಂಟು ಹಿಡಿಯುವುದಿಲ್ಲ, ಮೇ ತಿಂಗಳಲ್ಲಿ ನೆಲ ಬಾಯಿ ಬಿಟ್ಟಿರುತ್ತದೆ, ಆಗ ಸಮ ಮಾಡಿದ್ದು ಮೊದಲ ಮಳೆಗೇ ಏರುಪೇರಾಗುತ್ತದೆ. ಹೊಸ ತಳದ ಮೇಲೆ ಎರಡು ಮಳೆಗಾಲದೊಳಗೆ ಜೋಡಣೆ ಬಿಟ್ಟರೆ ಹಣವಿಲ್ಲದೆ ನಾವೇ ಬಂದು ಸರಿಪಡಿಸುತ್ತೇವೆ. ಕೂಲರಿನ ನೀರನ್ನೂ ಬಟ್ಟೆ ಒಗೆದ ನೀರನ್ನೂ ಹಾಸಿನ ಅಂಚಿಗೆ ಬಿಡಬೇಡಿ, ಅಷ್ಟೇ ಕೇಳುವುದು. ತೇಪೆಗೆಂದು ಈಗಾಗಲೇ ಮುಂಗಡ ಕೊಟ್ಟವರ ಕೆಲಸ ಹಳೆಯ ದರದಲ್ಲೇ ಆಗುತ್ತದೆ. ಬೇಡವೆಂದರೆ ಹಣ ವಾಪಸ್.

ಒಟ್ಟಿಗೆ ಕೊಡುವುದು ಕಷ್ಟವಾದರೆ ಮೂರು ಕಂತು ಮಾಡಿಕೊಳ್ಳೋಣ. ಫೋನಿನಲ್ಲಿ ಬೇಡ, ಅಂಗಡಿಗೆ ಬನ್ನಿ, ಕುಳಿತು ಮಾತಾಡೋಣ. ಹಳೆಯ ಬಿಲ್ ಸಿಗದಿದ್ದರೂ ಚಿಂತೆಯಿಲ್ಲ. ನಿಮ್ಮ ಅಂಗಳದ ಅಳತೆ ನಮ್ಮ ವಹಿಯಲ್ಲಿದೆ.

ನಿಮ್ಮ ಅಂಗಡಿಯವರು