ರಾಜ್ಯೋತ್ಸವದ ಮರುದಿನ

ನವೆಂಬರ್ 1ರ ಬೆಳಿಗ್ಗೆ ಬೆಂಗಳೂರಿನ ವೃತ್ತಗಳಲ್ಲಿ ಹಳದಿ-ಕೆಂಪು ಬಾವುಟ ಏರುವ ಹೊತ್ತಿಗೆ ಅಲ್ಲಿನ ಕಥೋಲಿಕ ದೇವಾಲಯಗಳಲ್ಲಿ ಸಕಲ ಸಂತರ ಹಬ್ಬದ ಬಲಿಪೂಜೆ (ಮಾಸ್) ನಡೆಯುತ್ತಿರುತ್ತದೆ. ಮರುದಿನ ಸಕಲ ಮೃತರ ಸ್ಮರಣೆ. ಹೊಸೂರು ರಸ್ತೆಯ ಕ್ರೈಸ್ತ ಸಮಾಧಿಭೂಮಿಗೆ ಅಂದು ಮನೆಮಂದಿಯೆಲ್ಲ ಬಂದು, ಸಮಾಧಿಯ ಕಲ್ಲು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ. 1956ರಲ್ಲಿ ರಾಜ್ಯ ಉದಯವಾದ ದಿನಾಂಕಕ್ಕೂ ಚರ್ಚಿನ ಪಂಚಾಂಗಕ್ಕೂ ಯಾವ ಸಂಬಂಧವೂ ಇಲ್ಲ, ನಿಜ. ಆದರೆ ಬೆಂಗಳೂರಿನ ಕನ್ನಡ ಕಥೋಲಿಕರ ಮನೆಗಳಲ್ಲಿ ಇವು ಒಂದರ ಬೆನ್ನಿಗೊಂದು ಬರುವ ದಿನಗಳು. ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗಳಲ್ಲಿ ಮಾತ್ರ ಬಾವುಟವೊಂದೇ ಕಾಣಿಸಿಕೊಳ್ಳುತ್ತ ಬಂದಿದೆ.

ಮೃತರ ಸ್ಮರಣೆ ನವೆಂಬರ್ 2ಕ್ಕೆ ನೆಲೆನಿಂತದ್ದು ಸುಮಾರು ಸಾವಿರ ವರ್ಷಗಳ ಹಿಂದೆ, ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಒಡಿಲೋ ತನ್ನ ಅಧೀನದ ಮಠಗಳಲ್ಲಿ ಅದನ್ನು ಜಾರಿಗೆ ತಂದ ಮೇಲೆ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವ ನಾಡಿಗೆ ಇಂಥ ದಿನವೊಂದು ಅಪರಿಚಿತವೆನಿಸುವ ಪ್ರಶ್ನೆಯೇ ಇಲ್ಲ. ಆದರೆ ಎರಡರ ಹಿಂದಿನ ತತ್ತ್ವ ಬೇರೆ, ಮತ್ತು ಮೃತರಿಗಾಗಿ ಪ್ರಾರ್ಥಿಸುವುದನ್ನು ಪ್ರಾಟೆಸ್ಟೆಂಟರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ವ್ಯತ್ಯಾಸಗಳನ್ನು ಬದಿಗೊತ್ತಿ ‘ಎಲ್ಲವೂ ಒಂದೇ’ ಎಂದುಬಿಡುವುದು ಸೌಜನ್ಯವೆಂದು ನನಗೆ ಅನ್ನಿಸುವುದಿಲ್ಲ. ಅದು ತಿಳಿದುಕೊಳ್ಳುವ ಶ್ರಮವನ್ನು ಉಳಿಸಿಕೊಳ್ಳುವ ಉಪಾಯವಷ್ಟೆ.

ಕ್ರೈಸ್ತರ ಪ್ರಸ್ತಾಪ ಬಂದಾಗ ನಮ್ಮ ವೇದಿಕೆಗಳಲ್ಲಿ ಕಿಟೆಲರ ಹೆಸರು ತಪ್ಪದೆ ಬರುತ್ತದೆ. ಬರಲೇಬೇಕು. 1894ರಲ್ಲಿ ಪ್ರಕಟವಾದ, ಸುಮಾರು 70,000 ಪದಗಳ ಅವರ ನಿಘಂಟನ್ನು ಇಂದಿಗೂ ವಿದ್ವಾಂಸರು ತೆರೆಯುತ್ತಾರೆ. 1843ರಲ್ಲಿ ಮೋಗ್ಲಿಂಗ್ ಹೊರತಂದ ಮಂಗಳೂರ ಸಮಾಚಾರ ಕನ್ನಡದ ಮೊದಲ ಪತ್ರಿಕೆಯಾದ್ದರಿಂದ, ಈ ಪುಟ್ಟ ಸುದ್ದಿಪತ್ರವೂ ಸ್ವಲ್ಪ ಧೈರ್ಯಮಾಡಿ ಆ ವಂಶಕ್ಕೆ ಸೇರಿದೆನೆಂದು ಹೇಳಿಕೊಳ್ಳಬಹುದು. ಆದರೆ ನಮ್ಮ ನೆನಪು ಅಲ್ಲಿಗೇ ನಿಂತುಬಿಡುವುದರಿಂದ, ಕರ್ನಾಟಕದ ಕ್ರೈಸ್ತ ಚರಿತ್ರೆಯೆಂದರೆ ಜರ್ಮನಿಯಿಂದ ಬಂದು, ಕನ್ನಡಕ್ಕೆ ಉಪಕಾರ ಮಾಡಿ, ಹಿಂದಿರುಗಿದ ಕೆಲವು ಮಹನೀಯರ ಕಥೆ ಎಂಬ ಭಾವನೆ ಬೇರೂರಿದೆ. ಮೇಯೋ ಹಾಲ್ ಬಳಿಯ ಕಿಟೆಲ್ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳುವ ನಾವು, ಕಾರ್ಪೊರೇಷನ್ ಬಳಿಯ ಹಡ್ಸನ್ ಚರ್ಚಿನಲ್ಲಿ ಭಾನುವಾರ ಕನ್ನಡದಲ್ಲಿ ಆರಾಧನೆ ನಡೆಸುವ ಸಭೆಯನ್ನು ನೆನೆಯುವುದಿಲ್ಲ. 1904ರ ಆ ಕಲ್ಲು ಕಟ್ಟಡ ದಿನನಿತ್ಯ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಬಸ್ಸಿನ ಕಿಟಕಿಯಿಂದ, ಒಂದು ವೃತ್ತದ ಹೆಸರಾಗಿ ಮಾತ್ರ.

ಬೆಂಗಳೂರಿನ ಕ್ರೈಸ್ತ ಧರ್ಮ ಬ್ರಿಟಿಷ್ ಸೇನೆಯ ದಂಡಿನ (ಕಂಟೋನ್ಮೆಂಟ್) ಜೊತೆ ಬಂದದ್ದೆಂಬ ಇನ್ನೊಂದು ಮಾತೂ ಪ್ರಚಾರದಲ್ಲಿದೆ. ದಂಡು ನೆಲೆಯೂರಿದ್ದು 1809ರಲ್ಲಿ. ಚಿನ್ನಮಿ ಎಂಬ ಯೇಸುಸಭೆಯ (ಜೆಸ್ಯೂಟ್) ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಬೋಧಿಸತೊಡಗಿದ್ದು 17ನೆಯ ಶತಮಾನದ ನಡುವಿನಲ್ಲಿ. ದಂಡಿನಿಂದ ಹಲವು ಚರ್ಚುಗಳು ಬಂದವು, ಸರಿ. ಮೈಸೂರು ಸೀಮೆಯ ಕನ್ನಡ ಕ್ರೈಸ್ತರು ಅದಕ್ಕಿಂತ ಹಳಬರು.

ಇಷ್ಟಾದರೂ ಚರಿತ್ರೆಗಿಂತ ಹೆಚ್ಚು ಮಾತನಾಡಬೇಕಾದದ್ದು ದಿನಬಳಕೆಯ ವಿಶ್ವಾಸದ ಬಗ್ಗೆ. ಸಂಘದವರಿಗೆ ಪರಿಚಯವಿರುವುದು ಡಿಸೆಂಬರ್ ತಿಂಗಳ ಕೇಕು, ನಕ್ಷತ್ರ, ಕೆಂಪು ಟೊಪ್ಪಿಗೆ ಮಾತ್ರ. ಅಂಗಡಿ ಬೀದಿಯೇ ಕಲಿಸಿಕೊಡುವ ಈ ಹಬ್ಬಕ್ಕೆ ಸಂಘದ ನೆರವು ಬೇಕಿಲ್ಲ. ಬೂದಿ ಬುಧವಾರದಂದು ಹಣೆಗೆ ಬೂದಿಯ ಗುರುತು ಹಾಕಿಸಿಕೊಂಡು ಶುರುವಾಗುವ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಹಾಗಲ್ಲ. ಭಾನುವಾರಗಳನ್ನು ಬಿಟ್ಟರೆ 40 ದಿನ. ಆ ದಿನಗಳಲ್ಲಿ ಹಲವು ಮನೆಗಳಲ್ಲಿ ಮಾಂಸ ಬೇಯುವುದಿಲ್ಲ, ಮದುವೆಗಳನ್ನು ಮುಂದಕ್ಕೆ ಹಾಕುತ್ತಾರೆ, ಶುಕ್ರವಾರಗಳಂದು ಯೇಸುವಿನ ಕೊನೆಯ ಯಾತನೆಯನ್ನು ನೆನೆಯುವ 14 ಸ್ಥಳಗಳ ಶಿಲುಬೆ ಹಾದಿಯ ಪ್ರಾರ್ಥನೆ ನಡೆಯುತ್ತದೆ, ಊಟದಲ್ಲಿ ಉಳಿಸಿದ ದುಡ್ಡು ಬಡವರಿಗೆ ಹೋಗುತ್ತದೆ. ಆಫೀಸಿನಲ್ಲಿ ಪಕ್ಕದಲ್ಲೇ ಕೂತು ಡಬ್ಬಿ ಬಿಚ್ಚುವ ಸಹೋದ್ಯೋಗಿಗೂ ಇದು ತಿಳಿಯದಂತೆ ನಡೆದುಹೋಗುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಊರಿಗೆ ಊರೇ ಪಾಲುಗೊಳ್ಳುವ ಹಬ್ಬವೂ ಇದೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಆಗಸ್ಟ್ 29ರಂದು ಧ್ವಜ ಏರಿದರೆ, ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ಮುಗಿದು ಸೆಪ್ಟೆಂಬರ್ 8ರಂದು ಮಾತೆಯ ಜನನದ ಹಬ್ಬ, ತೇರು. ಸೀರೆಯುಟ್ಟ ಮಾತೆಯ ಮುಂದೆ ಕಾವಿ ಬಟ್ಟೆ ತೊಟ್ಟ ಹರಕೆಯವರ ಸಾಲು, ಅದರಲ್ಲಿ ಹಿಂದೂಗಳು, ಮುಸ್ಲಿಮರು. ಇದನ್ನು ಸೌಹಾರ್ದದ ಉದಾಹರಣೆಯೆಂದು ಭಾಷಣಗಳಲ್ಲಿ ಬಳಸುವವರು ಬಹಳ. ಸಾಲಿನಲ್ಲಿ ನಿಂತ ತಾಯಿಗೆ ತನ್ನ ಮಗುವಿನ ಜ್ವರ ಇಳಿಯಬೇಕು, ಅಷ್ಟೆ.

ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿನಂತಿ ಇದೆ. ಸಂಘ ಅಚ್ಚು ಹಾಕಿಸುವ ಹಬ್ಬದ ಕ್ಯಾಲೆಂಡರಿನಲ್ಲಿ ಬೂದಿ ಬುಧವಾರ, ಶುಭ ಶುಕ್ರವಾರ, ಸೆಪ್ಟೆಂಬರ್ 8, ನವೆಂಬರ್ 2 ಸೇರಲಿ. ಇವುಗಳಲ್ಲಿ ಮೊದಲೆರಡರ ದಿನಾಂಕವನ್ನು ನಿರ್ಧರಿಸುವ ಈಸ್ಟರ್ ಪ್ರತಿ ವರ್ಷ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಜರುಗಾಡುತ್ತದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಅದು, ಚಾಂದ್ರಮಾನದ ಲೆಕ್ಕ ಬಲ್ಲ ನಮಗೆ ಕಷ್ಟವೇನಲ್ಲ. ಯುಗಾದಿಯೂ ಅದೇ ಆಸುಪಾಸಿನಲ್ಲಿ ಬರುವುದರಿಂದ, ಸಭಾಂಗಣ ಕಾಯ್ದಿರಿಸುವವರು ಹೋಳಿಗೆ ಊಟವನ್ನು ಶುಭ ಶುಕ್ರವಾರದ ಉಪವಾಸದ ದಿನಕ್ಕೆ ಇಡದಂತೆ ಮೊದಲೇ ನೋಡಿಕೊಳ್ಳಬೇಕು. ಮನೆಯಲ್ಲಿ ಈ ದಿನಗಳನ್ನು ಹೇಗೆ ಆಚರಿಸುತ್ತಿದ್ದರೆಂದು ಕ್ರೈಸ್ತ ಸದಸ್ಯರು ಬರೆದು ಕಳುಹಿಸಿದರೆ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಪುಟಗಳನ್ನು ಮೀಸಲಿಡುತ್ತೇವೆ.

— ಸಂಪಾದಕ