ನೀರಿನ ವಾಸನೆ ನೋಡುವ ಗೆಳತಿ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ "ಎಣ್ಣೆ ಸಿಗುವ ಊರು, ಜನ ಆರಾಮಾಗಿರಬೇಕು ಅಲ್ವಾ?" ಅಂತ ನೀನು ಕೇಳಿದೆ. ಅಷ್ಟರಲ್ಲಿ ಲೈನ್ ಕಟ್ ಆಯ್ತು. ಆ ಮಾತು ತಲೆಯಲ್ಲೇ ಕೂತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್‌ನಲ್ಲಿ ನನ್ನ ಜೊತೆ ಪಾಠ ಮಾಡುವ ಒಬ್ಬಾಕೆಯ ಊರು ಬೋಡೋ, ಒಗೋನಿ ಸೀಮೆಯದು. ನೀರು ಕೊಟ್ಟರೆ ಲೋಟವನ್ನು ಮೊದಲು ಮೂಗಿನ ಹತ್ತಿರ ಹಿಡಿಯುತ್ತಾಳೆ, ಕುಡಿಯುವುದು ಆಮೇಲೆ. ಪ್ಯಾಕೆಟ್ ನೀರಾದರೂ ಅಷ್ಟೇ. ಮೊದಮೊದಲು ನನಗೆ ಬೇಜಾರಾಗಿತ್ತು. ನಮ್ಮ ಮನೆಯ ನೀರಿನ ಮೇಲೆ ಇಷ್ಟು ಅನುಮಾನವೇ ಅಂತ.

2008ರಲ್ಲಿ ಬೋಡೋದ ಹಿನ್ನೀರಿಗೆ ಶೆಲ್ ಕಂಪನಿಯ ಕಚ್ಚಾ ಎಣ್ಣೆ ಪೈಪ್‌ಲೈನ್ ಎರಡು ಸಲ ಸೋರಿತು, ವಾರಗಟ್ಟಲೆ. ನಿಮ್ಮ ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬಳಚು ಹೆಕ್ಕುತ್ತಾರಲ್ಲ, ಅವಳ ಅಮ್ಮ ಹಾಗೇ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಚಿಪ್ಪು ಹೆಕ್ಕುತ್ತಿದ್ದರಂತೆ. ಆ ಕಾಂಡ್ಲಾ ಎಣ್ಣೆ ಕುಡಿದು ಒಣಗಿ ಹೋಯಿತು. 2015ರಲ್ಲಿ ಕಂಪನಿ ಊರಿಗೆ 5.5 ಕೋಟಿ ಪೌಂಡ್ ಕೊಡಲು ಒಪ್ಪಿತು. ಮೀನಿಗೆ, ದೋಣಿಗೆ ಹೇಗೋ ಲೆಕ್ಕ ಹಾಕಬಹುದು. ಲೋಟ ಮೂಸುವ ಈ ಭಯಕ್ಕೆ ಎಷ್ಟು ಅಂತ ಹಾಕುತ್ತಾರೆ, ಹೇಳು?

2011ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದವರು ಒಗೋನಿಯ ಮಣ್ಣು, ನೀರು ಪರೀಕ್ಷೆ ಮಾಡಿ ವರದಿ ಕೊಟ್ಟರು. ಅಲ್ಲಿನ ಒಗಾಲೆ ಅನ್ನುವ ಊರಿನ ಬಾವಿ ನೀರಿನಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಇತ್ತು, ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಜಾಸ್ತಿ. ಸೀಮೆ ಪೂರ್ತಿ ಸುಧಾರಿಸಲು 25-30 ವರ್ಷ ಬೇಕು ಅಂತಲೂ ಬರೆದಿದ್ದರು. ಅವತ್ತು ಅವಳು ಬೆರಳು ಮಡಚಿ ತನ್ನ ವಯಸ್ಸು ಎಣಿಸಿಕೊಂಡಳಂತೆ. ಈಗ ಮಗಳದ್ದು ಎಣಿಸುತ್ತಾಳೆ. ಮಗಳಿಗೆ ಸುಮ್ನೆ ತಲೆನೋವು ಬಂದರೂ ಇವಳಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಡಾಕ್ಟರು ಏನೂ ಇಲ್ಲ ಅನ್ನುತ್ತಾರೆ. ಆ "ಏನೂ ಇಲ್ಲ" ಅವಳಿಗೆ ಸಮಾಧಾನ ಕೊಡುವುದಿಲ್ಲ. ಬಾವಿ ನೀರೂ ನೋಡಲು ತಿಳಿಯಾಗೇ ಇತ್ತಲ್ಲ, ಅನ್ನುತ್ತಾಳೆ.

ನಗರಕ್ಕೆ ಬಂದರೂ ಬಿಡುಗಡೆ ಇಲ್ಲ. 2016ರ ಕೊನೆಯಿಂದ ಇಲ್ಲಿ ಮಸಿ ಬೀಳುತ್ತದೆ. ಕದ್ದ ಎಣ್ಣೆ ಕಾಯಿಸುವ ಭಟ್ಟಿಗಳ ಹೊಗೆಯೇ ಇದಕ್ಕೆ ದೊಡ್ಡ ಕಾರಣ ಅನ್ನುತ್ತಾರೆ. ಬೆಳಿಗ್ಗೆ ಒರೆಸಿದ ನೆಲದ ಮೇಲೆ ಸಂಜೆ ಬರಿಗಾಲಲ್ಲಿ ನಡೆದರೆ ಅಂಗಾಲು ಕಪ್ಪು.

ಬೋಡೋದಲ್ಲಿ ಈಗ ಕಾಂಡ್ಲಾ ಸಸಿ ನೆಟ್ಟಿದ್ದಾರೆ. ಅವಳ ಅಮ್ಮ ದಂಡೆಯ ತನಕ ಹೋಗಿ ನೋಡಿಕೊಂಡು ಬರುತ್ತಾರಂತೆ. ಕೆಸರಿಗೆ ಮಾತ್ರ ಇನ್ನೂ ಕಾಲಿಟ್ಟಿಲ್ಲ.

ನಿಮ್ಮಲ್ಲಿ ಬಳಚು ಹೆಕ್ಕುವುದರ ಒಂದು ವಿಡಿಯೋ ತೆಗೆದು ಕಳಿಸೋ. ಅವರಿಗೆ ನೋಡಬೇಕಂತೆ.

ನಿನ್ನ ಗೆಳೆಯ